ಚೆಂಡು ಕೈಗೆ ಬರುವ ಮುಂಚಿನ ಆಟ: ಬಾಸ್ಕೆಟ್‌ಬಾಲ್‌ನಲ್ಲಿ ಪೋಸ್ಟ್ ಸ್ಥಾನ

(ಕಾರವಾರದಲ್ಲಿ ದೈಹಿಕ ಶಿಕ್ಷಣ ಶಿಕ್ಷಕರು ಹಾಗೂ ಪ್ರೌಢಶಾಲೆ, ಪದವಿಪೂರ್ವ ಕಾಲೇಜುಗಳ ಆಟಗಾರರ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ)

ನಮ್ಮ ಜಿಲ್ಲೆಯ ಶಾಲಾ ಪಂದ್ಯಗಳಲ್ಲಿ ಒಂದು ದೃಶ್ಯ ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತದೆ. ತಂಡದಲ್ಲಿ ಎಲ್ಲರಿಗಿಂತ ಎತ್ತರವಾಗಿರುವ ಹುಡುಗನನ್ನೋ ಹುಡುಗಿಯನ್ನೋ ರಿಂಗ್‌ನ ಹತ್ತಿರ ನಿಲ್ಲಿಸಿ, "ನೀನು ಇಲ್ಲೇ ಇರು, ಚೆಂಡು ಬಂದರೆ ಹಾಕು" ಎಂದಷ್ಟೇ ಹೇಳಿರುತ್ತಾರೆ. ಆ ಮಗು ಮೊಣಕಾಲು ಬಾಗಿಸದೆ ನೆಟ್ಟಗೆ ನಿಂತು, ಒಂದು ಕೈ ಮೇಲೆತ್ತಿ ಕಾಯುತ್ತದೆ. ಚೆಂಡು ಹೆಚ್ಚಿನ ಸಲ ಬರುವುದೇ ಇಲ್ಲ. ಬಂದಾಗ ಎದುರಾಳಿ ಮುಂದೆ ನುಗ್ಗಿ ಕಸಿದುಕೊಂಡಿರುತ್ತಾನೆ, ಇಲ್ಲವೇ ರಿಂಗ್‌ನ ಮುಂದಿನ ಪ್ರದೇಶದಲ್ಲಿ ಮೂರು ಸೆಕೆಂಡಿಗಿಂತ ಹೆಚ್ಚು ನಿಂತದ್ದಕ್ಕೆ ಶಿಳ್ಳೆ ಆಗಿಹೋಗಿರುತ್ತದೆ. ಪಂದ್ಯ ಮುಗಿದ ಮೇಲೆ "ಇಷ್ಟು ಎತ್ತರ ಇದ್ದೂ ಏನು ಪ್ರಯೋಜನ" ಎಂಬ ಮಾತು ಆ ಮಗುವಿನ ಪಾಲಿಗೆ ಬರುತ್ತದೆ. ಇದು ಅನ್ಯಾಯದ ಮಾತು ಎಂದು ನಾನು ಗಟ್ಟಿಯಾಗಿ ಹೇಳುತ್ತೇನೆ. ಅಂಗಣದಲ್ಲಿ ಅತ್ಯಂತ ಕಷ್ಟದ ಕೆಲಸವನ್ನು ಒಪ್ಪಿಸಿ, ಅದನ್ನು ಮಾಡುವ ವಿಧಾನವನ್ನು ಮಾತ್ರ ನಾವು ಕಲಿಸಿಲ್ಲ. ಹೀಗೆ ರಿಂಗ್‌ನ ಹತ್ತಿರ ನಿಂತು ಆಡುವ ಪೋಸ್ಟ್ ಆಟಗಾರನ ಗೆಲುವು ಸೋಲು ಬಹುಪಾಲು ಚೆಂಡು ಕೈಗೆ ಬರುವುದಕ್ಕೆ ಮೊದಲೇ, ಅವನ ಕಾಲು ಮತ್ತು ಸೊಂಟದಲ್ಲಿ ತೀರ್ಮಾನವಾಗಿರುತ್ತದೆ ಎಂಬುದನ್ನೇ ಇಂದು ನಾನು ಬೇರೆ ಬೇರೆ ಕಡೆಗಳಿಂದ ತೋರಿಸಬೇಕೆಂದಿದ್ದೇನೆ.

ಮೊದಲು ಸ್ವಲ್ಪ ಇತಿಹಾಸ ಹೇಳುತ್ತೇನೆ, ಏಕೆಂದರೆ ಈ ಜಾಗದ ಬೆಲೆ ಎಷ್ಟು ಎಂಬುದು ಅದರಿಂದ ತಿಳಿಯುತ್ತದೆ. ಜೇಮ್ಸ್ ನೈಸ್ಮಿತ್ 1891ರ ಡಿಸೆಂಬರ್‌ನಲ್ಲಿ ಅಮೆರಿಕದ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಈ ಆಟವನ್ನು ಶುರುಮಾಡಿದಾಗ ರಿಂಗ್‌ನ ಮುಂದಿನ ಪೇಂಟ್ ಎಂಬ ಪ್ರದೇಶವಾಗಲಿ, ಮೂರು ಸೆಕೆಂಡಿನ ನಿಯಮವಾಗಲಿ ಇರಲಿಲ್ಲ. ನಂತರ ಬಂದ ಪೇಂಟ್‌ನ ಅಗಲ ಅಮೆರಿಕದ ವೃತ್ತಿಪರ ಲೀಗ್ ಎನ್‌ಬಿಎಯಲ್ಲಿ ಕೇವಲ 6 ಅಡಿ ಇತ್ತು. ಮಿನಿಯಾಪೊಲಿಸ್ ಲೇಕರ್ಸ್ ತಂಡದ ಜಾರ್ಜ್ ಮೈಕನ್ ರಿಂಗ್‌ನ ಬದಿಯಲ್ಲಿ ನಿಂತು ಬಲಗೈ ಎಡಗೈ ಎರಡರಿಂದಲೂ ಹುಕ್ (ಪಕ್ಕಕ್ಕೆ ತಿರುಗಿ ಒಂದೇ ಕೈಯನ್ನು ತಲೆಯ ಮೇಲಿಂದ ಬಳಸಿ ಹಾಕುವ ಶಾಟ್) ಹಾಕುವುದನ್ನು ತಡೆಯುವ ದಾರಿ ಯಾರಿಗೂ ಕಾಣದೆ, 1951ರಲ್ಲಿ ಅದನ್ನು 12 ಅಡಿಗೆ ಅಗಲಿಸಿದರು. ಮುಂದೆ ವಿಲ್ಟ್ ಚೇಂಬರ್ಲೇನ್ ಎಂಬ ದೈತ್ಯ ಆಟಗಾರ ಬಂದ ಮೇಲೆ 1964ರಲ್ಲಿ ಅದು 16 ಅಡಿಯಾಯಿತು. ಒಬ್ಬ ಆಟಗಾರನನ್ನು ರಿಂಗ್‌ನಿಂದ ನಾಲ್ಕು ಹೆಜ್ಜೆ ದೂರ ಇಡುವುದಕ್ಕಾಗಿ ಅಂಗಣದ ಗೆರೆಗಳನ್ನೇ ಅಳಿಸಿ ಬರೆಯಬೇಕಾಯಿತು ಎಂದರೆ, ಆ ನಾಲ್ಕು ಹೆಜ್ಜೆ ಎಷ್ಟು ಬೆಲೆಯದ್ದು ಎಂದು ಯೋಚಿಸಿ. ನಾವು ಆಡುವ ಫಿಬಾ (ಅಂತರರಾಷ್ಟ್ರೀಯ ಬಾಸ್ಕೆಟ್‌ಬಾಲ್ ಒಕ್ಕೂಟ) ನಿಯಮದಲ್ಲಿ 2010ರವರೆಗೆ ಪೇಂಟ್, ರಿಂಗ್‌ನ ಹಿಂದೆ ಅಂಗಣ ಮುಗಿಯುವ ಗೆರೆಯಾದ ಬೇಸ್‌ಲೈನ್ ಕಡೆಗೆ ಅಗಲವಾಗುತ್ತ ಹೋಗುವ ಆಕಾರದಲ್ಲಿತ್ತು. ಹಳೆಯ ಸಿಮೆಂಟ್ ಅಂಗಣಗಳಲ್ಲಿ ಆ ಓರೆ ಗೆರೆ ಮಾಸದೆ ಉಳಿದಿರುವುದನ್ನು ನಿಮ್ಮಲ್ಲಿ ಕೆಲವರು ನೋಡಿರಬಹುದು. ಈಗ ಅದು 4.9 ಮೀಟರ್ ಅಗಲ, 5.8 ಮೀಟರ್ ಉದ್ದದ ನೇರ ಆಯತ.

ಮೈಕನ್ ಹೆಸರು ಬಂದದ್ದರಿಂದ ಇನ್ನೊಂದು ಸಂಗತಿಯನ್ನೂ ಇಲ್ಲೇ ಹೇಳಿಬಿಡುತ್ತೇನೆ. 208 ಸೆಂಟಿಮೀಟರ್ ಎತ್ತರದ, ದಪ್ಪ ಕನ್ನಡಕದ ಆ ಯುವಕ ಡಿಪಾಲ್ ವಿಶ್ವವಿದ್ಯಾಲಯಕ್ಕೆ ಬಂದಾಗ ನಡಿಗೆಯಲ್ಲೇ ತೊಡರುವಷ್ಟು ಒರಟಾಗಿದ್ದ. ತರಬೇತುದಾರ ರೇ ಮೇಯರ್ ಅವನಿಗೆ ಹಗ್ಗ ಜಿಗಿಯಲು ಹಚ್ಚಿದರು, ಬಾಕ್ಸಿಂಗ್ ಮಾಡಿಸಿದರು, ನೃತ್ಯದ ಪಾಠವನ್ನೂ ಹೇಳಿಸಿದರು. ರಿಂಗ್‌ನ ಎರಡೂ ಬದಿಯಿಂದ ಬಲಗೈ, ಎಡಗೈ ಎಂದು ಸರದಿಯಂತೆ ನೂರಾರು ಸಲ ಚೆಂಡು ಹಾಕಿಸಿದರು. ಇಂದಿಗೂ ಪ್ರಪಂಚದ ಎಲ್ಲ ಅಂಗಣಗಳಲ್ಲಿ ನಡೆಯುವ ಮೈಕನ್ ಡ್ರಿಲ್ ಹುಟ್ಟಿದ್ದು ಹಾಗೆ. ಶಿಕ್ಷಕರಾದ ನಿಮ್ಮಲ್ಲಿ ನನ್ನ ಕೇಳಿಕೆ ಇಷ್ಟೇ: ಎತ್ತರದ ಮಗು ನಿಧಾನ, ಒರಟು ಎಂದು ಕೈಬಿಡುವ ಮುನ್ನ, ಅದರ ಕಾಲಿಗೆ ನೀವು ಎಷ್ಟು ಕೆಲಸ ಕೊಟ್ಟಿದ್ದೀರಿ ಎಂದು ಒಮ್ಮೆ ನೋಡಿಕೊಳ್ಳಿ. ಒಂದೆರಡು ವರ್ಷಗಳಲ್ಲಿ ದಿಢೀರನೆ ಬೆಳೆದ ಮಕ್ಕಳಿಗೆ ತಮ್ಮ ಕೈಕಾಲುಗಳ ಉದ್ದದ ಅಂದಾಜು ಸಿಕ್ಕಿರುವುದಿಲ್ಲ. ಅದು ದೋಷವಲ್ಲ, ಬೆಳವಣಿಗೆಯ ಒಂದು ಹಂತ ಮಾತ್ರ.

ಈಗ ನಿಲ್ಲುವ ಜಾಗದ ವಿಷಯಕ್ಕೆ ಬರೋಣ. ಪೇಂಟ್‌ನ ಪಕ್ಕದ ಗೆರೆಯ ಮೇಲೆ, ಫ್ರೀ ಥ್ರೋ (ಫೌಲ್ ಆದಾಗ ಸಿಗುವ ತಡೆಯಿಲ್ಲದ ಎಸೆತ) ವೇಳೆ ಆಟಗಾರರು ನಿಲ್ಲುವ ಗುರುತುಗಳ ನಡುವೆ, ತುಂಬಿದ ಬಣ್ಣದ ಒಂದು ಚಿಕ್ಕ ಚೌಕವಿರುತ್ತದೆ. ಇದನ್ನು ಬ್ಲಾಕ್ ಎನ್ನುತ್ತೇವೆ. ಬೇಸ್‌ಲೈನ್‌ನಿಂದ ಅಳೆದರೆ ಅದು 2.60 ಮೀಟರ್‌ನಿಂದ 3 ಮೀಟರ್‌ವರೆಗೆ ಬರುತ್ತದೆ. ಲೋ ಪೋಸ್ಟ್, ಅಂದರೆ ರಿಂಗ್‌ಗೆ ಹತ್ತಿರದ ಪೋಸ್ಟ್ ಆಟಗಾರನ ಕಾಲು ಈ ಬ್ಲಾಕ್‌ಗಿಂತ ತುಸು ಮೇಲೆ, ಅಂದರೆ ಫ್ರೀ ಥ್ರೋ ಗೆರೆಯ ಕಡೆಗೆ ಇರಬೇಕು. ನಮ್ಮ ಮಕ್ಕಳು ಸಾಮಾನ್ಯವಾಗಿ ಅದಕ್ಕಿಂತ ಕೆಳಗೆ, ಬೇಸ್‌ಲೈನ್‌ಗೆ ಅಂಟಿಕೊಂಡು ನಿಲ್ಲುತ್ತಾರೆ. ರಿಂಗ್‌ನ ನಡುಬಿಂದು ಬೇಸ್‌ಲೈನ್‌ನಿಂದ 1.575 ಮೀಟರ್ ಒಳಗಿದೆ, ಬೋರ್ಡ್‌ನ ಮುಖ 1.20 ಮೀಟರ್ ಒಳಗಿದೆ. ಬೇಸ್‌ಲೈನ್ ಹತ್ತಿರ ಚೆಂಡು ಹಿಡಿದವನು ತಿರುಗಿದೊಡನೆ ಬೋರ್ಡ್‌ನ ಅಂಚಿಗೋ ಹಿಂಬದಿಗೋ ಹೋಗಿ ಸಿಕ್ಕಿಕೊಳ್ಳುತ್ತಾನೆ; ಬೋರ್ಡ್‌ಗೆ ತಾಗಿಸಿ ಹಾಕುವ ಕೋನವೇ ಅವನಿಗೆ ಉಳಿಯುವುದಿಲ್ಲ. ಬ್ಲಾಕ್‌ನ ಮೇಲೆ ಹಿಡಿದವನಿಗೆ ಬೇಸ್‌ಲೈನ್ ಕಡೆಗೂ, ಮಧ್ಯದ ಕಡೆಗೂ ದಾರಿ ತೆರೆದಿರುತ್ತದೆ. ಒಂದು ಪಾದದಷ್ಟು ವ್ಯತ್ಯಾಸ ಎಂದು ಇದನ್ನು ಕಡೆಗಣಿಸಬೇಡಿ. ಅಂಗಣದಲ್ಲಿ ಸೀಮೆಸುಣ್ಣದಿಂದ ಗುರುತು ಹಾಕಿ, ಮಗುವಿನ ಕಾಲು ಅಲ್ಲಿ ಬೀಳುವವರೆಗೂ ಅಭ್ಯಾಸ ಮಾಡಿಸಿ.

ಮೂರು ಸೆಕೆಂಡಿನ ನಿಯಮದಲ್ಲಿ ಮಕ್ಕಳು ತಿಳಿದಿರಬೇಕಾದ ಎರಡು ಸೂಕ್ಷ್ಮಗಳಿವೆ. ಪೇಂಟ್‌ನ ಗೆರೆಯೂ ಪೇಂಟ್‌ಗೇ ಸೇರಿದ್ದು. ಹಿಮ್ಮಡಿ ಗೆರೆಗೆ ತಾಗಿದ್ದರೂ ನೀವು ಒಳಗಿದ್ದೀರಿ ಎಂದೇ ಲೆಕ್ಕ. ಹಾಗೆಯೇ ಹೊರಗೆ ಬಂದಂತಾಗಲು ಎರಡೂ ಪಾದಗಳು ಹೊರಗಿನ ನೆಲಕ್ಕೆ ತಾಗಬೇಕು. ಒಂದು ಕಾಲನ್ನು ಹೊರಗಿಟ್ಟು ಮತ್ತೆ ಒಳಗೆಳೆದುಕೊಂಡರೆ ಎಣಿಕೆ ನಿಲ್ಲುವುದಿಲ್ಲ.

ನಿಲುವಿನ ಬಗ್ಗೆ ಹೇಳಲು ಕಾರವಾರದವರಾದ ನಿಮಗೆ ನಾನು ದೂರದ ಉದಾಹರಣೆ ಕೊಡಬೇಕಾಗಿಲ್ಲ. ಕಡಲ ದಂಡೆಯಲ್ಲಿ ರಂಪಣಿ ಬಲೆ ಎಳೆಯುವವರನ್ನು ನೋಡಿ. ಅವರಲ್ಲಿ ಯಾರೂ ನೆಟ್ಟಗೆ ನಿಂತು ತೋಳಿನಿಂದ ಎಳೆಯುವುದಿಲ್ಲ. ಕಾಲುಗಳನ್ನು ಅಗಲಿಸಿ, ಹಿಮ್ಮಡಿಯನ್ನು ಮರಳಿಗೆ ಊರಿ, ಸೊಂಟವನ್ನು ತಗ್ಗಿಸಿ ಎಳೆಯುತ್ತಾರೆ, ಕೈ ಹಗ್ಗವನ್ನು ಹಿಡಿದಿರುತ್ತದೆ ಅಷ್ಟೇ. ಪೋಸ್ಟ್‌ನಲ್ಲೂ ಬಲ ಬರುವುದು ಅಲ್ಲಿಂದಲೇ. ಪಾದಗಳು ಹೆಗಲಿಗಿಂತ ಅಗಲವಾಗಿ, ಮೊಣಕಾಲು ಬಾಗಿ, ಸೊಂಟ ಎದುರಾಳಿಯ ಸೊಂಟಕ್ಕಿಂತ ಕೆಳಗಿದ್ದರೆ, ನಿಮಗಿಂತ ಭಾರದ ಎದುರಾಳಿಯೂ ನಿಮ್ಮನ್ನು ಸುಲಭವಾಗಿ ಅಲುಗಿಸಲಾರ. ಆದರೆ ಹೋಲಿಕೆ ಅಲ್ಲಿಗೆ ಮುಗಿಯುತ್ತದೆ, ಏಕೆಂದರೆ ರಂಪಣಿಯವರನ್ನು ಹಗ್ಗ ಹಿಡಿದು ನಿಲ್ಲಿಸುತ್ತದೆ, ನಿಮ್ಮನ್ನು ಹಿಡಿದು ನಿಲ್ಲಿಸುವವರು ಯಾರೂ ಇಲ್ಲ. ಬೆನ್ನನ್ನು ಎದುರಾಳಿಯ ಮೇಲೆ ಪೂರ್ತಿ ಒರಗಿಸಿದರೆ ಜಾಣ ಎದುರಾಳಿ ಥಟ್ಟನೆ ಹಿಂದೆ ಸರಿಯುತ್ತಾನೆ, ನೀವು ನೆಲಕ್ಕೆ ಬೀಳುತ್ತೀರಿ, ಅದಕ್ಕೆ ಫೌಲ್ ಕೂಡ ಸಿಗುವುದಿಲ್ಲ. ಆದ್ದರಿಂದ ಭಾರ ಯಾವಾಗಲೂ ನಿಮ್ಮ ಎರಡು ಪಾದಗಳ ನಡುವೆಯೇ ಇರಬೇಕು. ಎದುರಾಳಿ ಎಲ್ಲಿದ್ದಾನೆಂದು ತಿಳಿಯಲು ಸೊಂಟ ಮತ್ತು ಬೆನ್ನಿನ ಕೆಳಭಾಗ ಅವನಿಗೆ ತಾಗಿದ್ದರೆ ಸಾಕು. ಮೊಣಕೈಗಳು ಬಾಗಿರಲಿ, ಅಂಗೈಗಳು ಮೇಲಿರಲಿ. ತೋಳನ್ನು ಹಿಂದಕ್ಕೆ ಚಾಚಿ ಎದುರಾಳಿಯನ್ನು ತಡೆದರೆ ಅದು ನಿಮ್ಮದೇ ಫೌಲ್.

ಈಗ ಮಾತಿನ ಮುಖ್ಯ ಭಾಗಕ್ಕೆ ಬಂದೆ. ಜಾಗ ಹಿಡಿಯುವುದು ಹೇಗೆ? ಒಂದು ಪಂದ್ಯದ ಸನ್ನಿವೇಶವನ್ನು ಕಣ್ಣ ಮುಂದೆ ತಂದುಕೊಳ್ಳಿ. ಚೆಂಡು ಅಂಗಣದ ನಡುವೆ, ಮೂರು ಅಂಕದ ಗೆರೆಯ ಹೊರಗೆ ನಿಮ್ಮ ಗಾರ್ಡ್‌ನ, ಅಂದರೆ ಹೊರಗಿನಿಂದ ಆಟ ನಡೆಸುವ ಆಟಗಾರನ ಕೈಯಲ್ಲಿದೆ. ನೀವು ಬಲಬದಿಯ ಬ್ಲಾಕ್ ಮೇಲಿದ್ದೀರಿ. ಎದುರಾಳಿ ನಿಮ್ಮ ಮೇಲ್ಬದಿಯಲ್ಲಿ, ಅಂದರೆ ಚೆಂಡಿಗೂ ನಿಮಗೂ ನಡುವೆ ಒಂದು ಕೈ ಚಾಚಿ ನಿಂತಿದ್ದಾನೆ. ಈ ಸ್ಥಿತಿಯಲ್ಲಿ ಗಾರ್ಡ್ ನೇರವಾಗಿ ಪಾಸ್ ಕೊಟ್ಟರೆ ಅದು ಕೈತಪ್ಪುವುದು ಖಚಿತ. ನಮ್ಮ ತಂಡಗಳಲ್ಲಿ ನಡೆಯುವುದು ಅದೇ: ಪೋಸ್ಟ್ ಆಟಗಾರ ಎದುರಾಳಿಯನ್ನು ತಳ್ಳಿ ಮುಂದೆ ಬರಲು ಹೆಣಗುತ್ತಾನೆ, ಗಾರ್ಡ್ ಕಾದು ಕಾದು ಕೊನೆಗೆ ಬಲವಂತದ ಪಾಸ್ ಎಸೆಯುತ್ತಾನೆ. ಇದರ ಬದಲು ಚೆಂಡು ಬಲಬದಿಯ ವಿಂಗ್‌ಗೆ, ಅಂದರೆ ಮೂರು ಅಂಕದ ಗೆರೆಯ ಬಲ ಪಕ್ಕಕ್ಕೆ ಹೋಗಲಿ. ಆ ಪಾಸ್ ಗಾಳಿಯಲ್ಲಿರುವ ಹೊತ್ತಿನಲ್ಲೇ ಚೆಂಡು ಮತ್ತು ರಿಂಗ್ ನಡುವಿನ ಗೆರೆ ಬದಲಾಗಿಬಿಟ್ಟಿರುತ್ತದೆ. ಒಂದು ಕ್ಷಣದ ಹಿಂದೆ ಸರಿಯಾದ ಜಾಗದಲ್ಲಿದ್ದ ಎದುರಾಳಿ ಈಗ ತಪ್ಪು ಜಾಗದಲ್ಲಿದ್ದಾನೆ, ಅವನು ನಿಮ್ಮನ್ನು ಬಳಸಿ ಹೊಸ ಜಾಗಕ್ಕೆ ಹೋಗಲೇಬೇಕು. ಆ ಅರ್ಧ ಸೆಕೆಂಡು ನಿಮ್ಮದು. ಚೆಂಡಿನ ಕಡೆಗಿರುವ ನಿಮ್ಮ ಕಾಲನ್ನು ಅವನ ಮುಂಗಾಲಿನ ಆಚೆಗೆ ದಾಟಿಸಿ ಇಟ್ಟು, ಅದರ ಮೇಲೆಯೇ ಸೊಂಟವನ್ನು ತಂದು ಕೂರಿಸಿದರೆ ಅವನು ನಿಮ್ಮ ಬೆನ್ನ ಹಿಂದೆ ಬೀಳುತ್ತಾನೆ. ಇದನ್ನೇ ಸೀಲ್ ಮಾಡುವುದು ಎನ್ನುತ್ತೇವೆ. ಇದರಲ್ಲಿ ತಳ್ಳಾಟವೇ ಇಲ್ಲ. ಚೆಂಡು ಕೈಗೆ ಬಂದ ಮೇಲೆ ಹೊರಟವನು ತಡವಾಗಿ ಹೊರಟವನು; ಚೆಂಡು ಗಾಳಿಯಲ್ಲಿದ್ದಾಗ ಹೊರಟವನಿಗೆ ಜಾಗ ಸಿಗುತ್ತದೆ.

ಎದುರಾಳಿ ಮೇಲ್ಬದಿಯನ್ನು ಬಿಡಲೇ ಇಲ್ಲ ಎಂದುಕೊಳ್ಳಿ. ಆಗ ಅವನು ಬಯಸಿದ ಕಡೆಗೇ ಅವನನ್ನು ಕರೆದುಕೊಂಡು ಹೋಗಿ. ನೀವು ಒಂದು ಹೆಜ್ಜೆ ಮೇಲಕ್ಕೆ ನಡೆಯಿರಿ, ಅವನೂ ಬರುತ್ತಾನೆ, ಬೇಸ್‌ಲೈನ್ ಬದಿ ಇನ್ನಷ್ಟು ಖಾಲಿಯಾಗುತ್ತದೆ. ಚೆಂಡು ಮೂಲೆಗೆ ಹೋದೊಡನೆ ಅವನನ್ನು ಅಲ್ಲಿಯೇ ಸೀಲ್ ಮಾಡಿ ಬೇಸ್‌ಲೈನ್ ಕಡೆಯ ಕೈಯನ್ನು ತೋರಿಸಿ. ಅವನು ಪೂರ್ತಿ ನಿಮ್ಮ ಮುಂದೆ ಬಂದು ನಿಂತರೆ, ಬೆನ್ನಿನ ಹಿಂದೆ ರಿಂಗ್‌ವರೆಗೂ ಜಾಗ ತೆರೆದಿದೆ ಎಂದರ್ಥ. ಆಗ ಚೆಂಡು ಫ್ರೀ ಥ್ರೋ ಗೆರೆಯ ಹತ್ತಿರದ ಹೈ ಪೋಸ್ಟ್ ಆಟಗಾರನಿಗೆ ಹೋಗಬೇಕು, ಅಲ್ಲಿಂದ ನಿಮಗೆ ಬರಬೇಕು. ಎರಡು ಪಾಸ್‌ಗಳ ಈ ಹೈ-ಲೋ ಆಟವನ್ನು ಪ್ರೌಢಶಾಲೆಯ ತಂಡವೂ ಚೆನ್ನಾಗಿ ಕಲಿಯಬಲ್ಲದು.

ಇಲ್ಲಿ ಗಾರ್ಡ್‌ಗಳಿಗೂ ಒಂದು ಮಾತು ಹೇಳಬೇಕು. ಪೋಸ್ಟ್‌ಗೆ ಚೆಂಡು ಸಿಗದಿದ್ದರೆ ಅರ್ಧ ಹೊಣೆ ನಿಮ್ಮದು. ನಿಂತ ಜಾಗದಿಂದ ಪಾಸ್ ಸಾಧ್ಯವಾಗದಿದ್ದರೆ ಚೆಂಡನ್ನು ಒಂದೆರಡು ಸಲ ಪುಟಿಸಿ (ಡ್ರಿಬಲ್ ಮಾಡಿ) ಕೋನ ಬದಲಿಸಿ. ಪೋಸ್ಟ್ ಆಟಗಾರ ಯಾವ ಕೈ ತೋರಿಸುತ್ತಾನೋ ಆ ಕೈಗೇ, ಎದುರಾಳಿಯಿಂದ ದೂರದ ಬದಿಗೇ ಕೊಡಿ. ನೆಲಕ್ಕೆ ತಾಗಿ ಪುಟಿಯುವ ಪಾಸ್ ಎದುರಾಳಿಯ ಕೈಗೆ ಸುಲಭವಾಗಿ ಸಿಗುವುದಿಲ್ಲ. ಕೊಟ್ಟ ಮೇಲೆ ನಿಂತು ನೋಡಬೇಡಿ. ನೀವು ನಿಂತರೆ ನಿಮ್ಮನ್ನು ಕಾಯುತ್ತಿರುವವನು ನಿರಾಳವಾಗಿ ಇಳಿದು ಬಂದು ಪೋಸ್ಟ್ ಆಟಗಾರನ ಕೈಯಿಂದ ಚೆಂಡು ಕೀಳುತ್ತಾನೆ.

ಚೆಂಡು ಹಿಡಿಯುವ ರೀತಿ ಚಿಕ್ಕ ವಿಷಯವಾದರೂ ಬಹಳ ಅಂಕಗಳು ಅಲ್ಲೇ ಕಳೆದುಹೋಗುತ್ತವೆ. ಚೆಂಡಿನ ಕಡೆಗೆ ಸಣ್ಣದಾಗಿ ಜಿಗಿದು, ಗಾಳಿಯಲ್ಲಿ ಹಿಡಿದು, ಎರಡೂ ಪಾದಗಳನ್ನು ಒಟ್ಟಿಗೆ ನೆಲಕ್ಕೆ ಊರಿ. ಹಾಗೆ ಇಳಿದವನು ಯಾವ ಕಾಲನ್ನಾದರೂ ಪಿವಟ್ (ನೆಲದಿಂದ ಎತ್ತದೆ ಅದರ ಮೇಲೆ ತಿರುಗುವ ಕಾಲು) ಮಾಡಿಕೊಳ್ಳಬಹುದು, ಅಂದರೆ ಎರಡೂ ಕಡೆಗೆ ತಿರುಗುವ ಹಕ್ಕು ಅವನಲ್ಲಿ ಉಳಿಯುತ್ತದೆ. ಒಂದೊಂದೇ ಕಾಲಾಗಿ ಇಳಿದವನು ಮೊದಲು ಊರಿದ ಕಾಲಿಗೆ ಕಟ್ಟುಬಿದ್ದಿರುತ್ತಾನೆ. ಹಿಡಿದ ಕೂಡಲೇ ಚೆಂಡು ಗಲ್ಲದ ಕೆಳಗೆ ಬರಲಿ, ಬೆರಳುಗಳು ಮೇಲ್ಮುಖವಾಗಿ, ಮೊಣಕೈಗಳು ಹೊರಕ್ಕೆ ಇರಲಿ. ಎತ್ತರದವನು ಚೆಂಡನ್ನು ಸೊಂಟದ ಮಟ್ಟಕ್ಕೆ ಇಳಿಸಿದ ಕ್ಷಣ ತನ್ನ ಎತ್ತರವನ್ನು ಬಿಟ್ಟುಕೊಟ್ಟು, ಅಂಗಣದ ಅತಿ ಕುಳ್ಳ ಗಾರ್ಡ್‌ಗೂ ಅದನ್ನು ಕಸಿಯುವ ಅವಕಾಶ ಕೊಟ್ಟಿರುತ್ತಾನೆ.

ಚೆಂಡು ಹಿಡಿದೊಡನೆ ತಿರುಗಬೇಡಿ. ಒಂದು ಕ್ಷಣ ಬೇಸ್‌ಲೈನ್ ಕಡೆಯ ಭುಜದ ಮೇಲಿಂದ ನೋಡಿ. ಎದುರಾಳಿಯ ಭಾರ ಯಾವ ಬದಿಯಲ್ಲಿದೆ ಎಂದು ನಿಮ್ಮ ಬೆನ್ನು ಅಷ್ಟರಲ್ಲಿ ಹೇಳಿರುತ್ತದೆ. ಅವನು ಮಧ್ಯದ ಕಡೆಗೆ ಒತ್ತುತ್ತಿದ್ದರೆ ಬೇಸ್‌ಲೈನ್ ಕಡೆಗೆ ಡ್ರಾಪ್ ಸ್ಟೆಪ್ ಹಾಕಬೇಕು. ಈ ಒಂದು ಚಲನೆಯನ್ನು ಬಿಡಿಸಿ ಹೇಳುತ್ತೇನೆ; ಇದನ್ನೊಂದು ಸರಿಯಾಗಿ ಕಲಿತ ಮಗು ಶಾಲಾ ಮಟ್ಟದಲ್ಲಿ ಎಲ್ಲಿಯೂ ಎದೆಗುಂದಬೇಕಾಗಿಲ್ಲ.

ನೀವು ರಿಂಗ್‌ನ ಬಲಬದಿಯ ಬ್ಲಾಕ್ ಮೇಲೆ, ರಿಂಗ್‌ಗೆ ಬೆನ್ನು ಮಾಡಿ ನಿಂತಿದ್ದೀರಿ. ಆಗ ಬೇಸ್‌ಲೈನ್ ನಿಮ್ಮ ಎಡಗಡೆ. ಬಲಗಾಲು ಪಿವಟ್. ಎಡಗಾಲನ್ನು ಹಿಂದಕ್ಕೆ, ರಿಂಗ್‌ನ ದಿಕ್ಕಿಗೆ, ಎದುರಾಳಿಯ ಪಾದದ ಆಚೆಗೆ ಹಾಕಿ. ಕಾಲಿನ ಬೆರಳುಗಳು ಬೇಸ್‌ಲೈನ್ ಅನ್ನು ನೋಡಿದರೆ ನೀವು ರಿಂಗ್‌ನಿಂದ ದೂರ ಹೋಗುತ್ತೀರಿ; ಅವು ರಿಂಗ್‌ನತ್ತ ನೋಡಬೇಕು. ಕಾಲಿನ ಜೊತೆಗೇ ಸೊಂಟವೂ ಹೋಗಬೇಕು, ಏಕೆಂದರೆ ಎದುರಾಳಿಯನ್ನು ಹಿಂದೆ ಹಿಡಿದಿಡುವುದು ಸೊಂಟವೇ. ಅದೇ ಹೊತ್ತಿನಲ್ಲಿ ಎರಡೂ ಕೈಗಳಿಂದ ಚೆಂಡನ್ನು ನಿಮ್ಮ ಕಾಲುಗಳ ನಡುವಿನ ನೆಲಕ್ಕೆ ಒಮ್ಮೆ ಬಲವಾಗಿ ಬಡಿಯಿರಿ. ಪಿವಟ್ ಕಾಲು ಏಳುವ ಮೊದಲೇ ಚೆಂಡು ಕೈಬಿಟ್ಟಿರಬೇಕು, ಇಲ್ಲದಿದ್ದರೆ ಟ್ರಾವೆಲಿಂಗ್, ಅಂದರೆ ಚೆಂಡು ಹಿಡಿದು ನಡೆದ ತಪ್ಪು. ಪುಟಿದ ಚೆಂಡನ್ನು ಹಿಡಿಯುತ್ತಲೇ ಎರಡೂ ಪಾದಗಳ ಮೇಲೆ ಇಳಿದು, ಎರಡರಿಂದಲೂ ನೆಗೆದು, ಬಲಗೈಯಿಂದ ಬೋರ್ಡ್‌ನ ಚೌಕಕ್ಕೆ ತಾಗಿಸಿ. ಒಂದೇ ಕಾಲಿನಿಂದ ನೆಗೆದರೆ ಸಣ್ಣದೊಂದು ತಾಗುವಿಕೆಗೂ ದೇಹ ತಿರುಗಿಹೋಗುತ್ತದೆ. ಎರಡು ಕಾಲಿನಿಂದ ನೆಗೆದವನು ಫೌಲ್ ತಿಂದರೂ ಚೆಂಡನ್ನು ಹಾಕಬಲ್ಲ.

ಎದುರಾಳಿ ಬೇಸ್‌ಲೈನ್ ಮುಚ್ಚಿದರೆ ಮಧ್ಯಕ್ಕೆ ತಿರುಗಿ ಜಂಪ್ ಹುಕ್ ಹಾಕಬೇಕು. ಎಡ ಬ್ಲಾಕ್‌ನಿಂದ ಮಧ್ಯಕ್ಕೆ ಬಂದಾಗ ಎಡಭುಜ ರಿಂಗ್‌ನ ಕಡೆಗಿರುತ್ತದೆ, ಆದ್ದರಿಂದ ಬಲಗೈ ಹುಕ್. ಬಲ ಬ್ಲಾಕ್‌ನಿಂದ ಬಂದರೆ ಎಡಗೈಯೇ ಬೇಕು. ಎಡಗೈ ಬಾರದ ಆಟಗಾರ ಅಂಗಣದ ಅರ್ಧ ಭಾಗದಲ್ಲಿ ಮಾತ್ರ ಅಪಾಯಕಾರಿ. ಎದುರಾಳಿಗೂ ಚೆಂಡಿಗೂ ನಡುವೆ ನಿಮ್ಮ ಇಡೀ ದೇಹ ಅಡ್ಡವಾಗಿರುವುದೇ ಹುಕ್‌ನ ಬಲ. ಕರೀಂ ಅಬ್ದುಲ್ ಜಬ್ಬಾರ್ ತಮ್ಮ ಸ್ಕೈ ಹುಕ್ ಎಂಬ ಇದೇ ಬಗೆಯ ಹೊಡೆತವನ್ನು ನಂಬಿ ಎನ್‌ಬಿಎಯಲ್ಲಿ ದಾಖಲೆಯ 38,387 ಅಂಕ ಗಳಿಸಿದರು. ಆ ದಾಖಲೆಯನ್ನು ಲೆಬ್ರಾನ್ ಜೇಮ್ಸ್ ಮುರಿದದ್ದು 2023ರಲ್ಲಿ.

ಈ ಎರಡನ್ನೂ ಎದುರಾಳಿ ಅರಿತುಕೊಂಡ ಮೇಲಷ್ಟೇ ಮೂರನೆಯದನ್ನು ಕಲಿಸಿ. ಹುಕ್ ಹಾಕುವವರಂತೆ ಚೆಂಡು ಎತ್ತಿ ತೋರಿಸುವುದು, ಅವನು ನೆಗೆದೊಡನೆ ಅವನ ಕೈಯ ಕೆಳಗಿನಿಂದ ಇನ್ನೊಂದು ಬದಿಗೆ ಹೆಜ್ಜೆಯಿಟ್ಟು ಹಾಕುವುದು. ಬೋಸ್ಟನ್ ತಂಡದ ಕೆವಿನ್ ಮೆಕ್‌ಹೇಲ್ ಇದರಲ್ಲಿ ನಿಪುಣರಾಗಿದ್ದರು. ಹೆಜ್ಜೆಯಿಡುವಾಗ ಪಿವಟ್ ಕಾಲು ಏಳುವುದರಿಂದ ಇದು ಟ್ರಾವೆಲಿಂಗ್ ಎಂದು ಅನೇಕರು ತಿಳಿದಿದ್ದಾರೆ. ಹಾಗಲ್ಲ, ಶಾಟ್ ಅಥವಾ ಪಾಸ್‌ಗಾಗಿ ಪಿವಟ್ ಕಾಲನ್ನು ಎತ್ತಬಹುದು, ಚೆಂಡು ಕೈಬಿಡುವ ಮುನ್ನ ಕಾಲು ಮತ್ತೆ ನೆಲ ಮುಟ್ಟಬಾರದು ಅಷ್ಟೇ. ಇಂಥ ಚಲನೆಗಳನ್ನು ಒಂದರ ಮೇಲೊಂದು ಕಲಿಸುತ್ತ ಹೋಗುವ ಆಸೆ ತರಬೇತುದಾರರಿಗೆ ಸಹಜ. ಆದರೆ ಹತ್ತು ಚಲನೆ ಅರೆಬರೆ ಬಲ್ಲವನಿಗಿಂತ ಎರಡನ್ನು ಪೂರ್ತಿ ಬಲ್ಲವನೇ ಪಂದ್ಯದಲ್ಲಿ ಉಪಯೋಗಕ್ಕೆ ಬರುತ್ತಾನೆ ಎಂಬುದು ನನ್ನ ಅಭಿಪ್ರಾಯ.

ಕಾಲಿನ ಕೆಲಸ ಬೇರೆ ಆಟಗಳಿಂದಲೂ ಬರುತ್ತದೆ. ನೈಜೀರಿಯಾದ ಲಾಗೋಸ್‌ನ ಹಕೀಂ ಒಲಾಜುವಾನ್ ಹದಿನೈದರ ಹರೆಯದವರೆಗೆ ಬಾಸ್ಕೆಟ್‌ಬಾಲ್ ಮುಟ್ಟಿರಲಿಲ್ಲ. ಆಡುತ್ತಿದ್ದದ್ದು ಫುಟ್‌ಬಾಲ್ ಮತ್ತು ಹ್ಯಾಂಡ್‌ಬಾಲ್. ಅದೇ ಪಾದಗಳಿಂದ ಅವರು 1994 ಮತ್ತು 1995ರಲ್ಲಿ ಹ್ಯೂಸ್ಟನ್ ತಂಡಕ್ಕೆ ಪ್ರಶಸ್ತಿ ತಂದರು. ನಮ್ಮಲ್ಲಿ ಬಾಸ್ಕೆಟ್‌ಬಾಲ್‌ಗೆ ಬರುವ ಮಕ್ಕಳಲ್ಲಿ ಬಹುತೇಕರು ಮೊದಲು ಕಬಡ್ಡಿ, ವಾಲಿಬಾಲ್ ಆಡಿದವರು. ಕಬಡ್ಡಿ ಆಡಿದ ಮಗುವಿಗೆ ಸೊಂಟ ತಗ್ಗಿಸಿ ನಿಲ್ಲುವುದನ್ನು ಹೇಳಿಕೊಡಬೇಕಾಗಿಲ್ಲ, ಆದರೆ ಎದುರಾಳಿಯನ್ನು ಹಿಡಿಯುವ ಚಾಳಿಯನ್ನು ಬಿಡಿಸಬೇಕು. ವಾಲಿಬಾಲ್ ಆಡಿದವಳಿಗೆ ನೆಗೆತದ ಹೊತ್ತು ಚೆನ್ನಾಗಿ ತಿಳಿದಿರುತ್ತದೆ, ಆದರೆ ರೀಬೌಂಡ್ (ತಪ್ಪಿದ ಶಾಟ್‌ನಿಂದ ಮರಳಿದ ಚೆಂಡು) ಬಂದಾಗ ಚೆಂಡನ್ನು ಹಿಡಿಯುವ ಬದಲು ತಟ್ಟಿಬಿಡುತ್ತಾಳೆ. ಯಾವ ಮಗು ಎಲ್ಲಿಂದ ಬಂದಿದೆ ಎಂದು ವಿಚಾರಿಸಿಕೊಂಡರೆ ಎಲ್ಲಿಂದ ಶುರುಮಾಡಬೇಕೆಂಬುದು ತಾನಾಗಿ ತಿಳಿಯುತ್ತದೆ.

ಈಗ ಎಲ್ಲರೂ ದೂರದಿಂದ ಮೂರು ಅಂಕದ ಶಾಟ್ ಹೊಡೆಯುವ ಕಾಲ, ಪೋಸ್ಟ್ ಆಟಕ್ಕೆ ಬೆಲೆ ಇದೆಯೇ ಎಂದು ನಿಮ್ಮಲ್ಲಿ ಹಲವರ ಮನಸ್ಸಿನಲ್ಲಿರಬಹುದು. ಪ್ರಶ್ನೆ ಸರಿಯಾದದ್ದೇ. ಆದರೆ 6.75 ಮೀಟರ್ ದೂರದ ಗೆರೆಯಿಂದ ನಮ್ಮ ಶಾಲಾ ಮಕ್ಕಳು ಎಷ್ಟು ಶಾಟ್ ಹಾಕಬಲ್ಲರು ಎಂದು ನೀವೇ ಎಣಿಸಿ ನೋಡಿ. ಅದಕ್ಕಿಂತ ಮುಖ್ಯವಾದ ಉತ್ತರ ಬೇರೆ ಇದೆ. ಸರ್ಬಿಯಾದ ನಿಕೋಲಾ ಯೋಕಿಚ್ 2014ರ ಎನ್‌ಬಿಎ ಡ್ರಾಫ್ಟ್‌ನಲ್ಲಿ (ತಂಡಗಳು ಹೊಸ ಆಟಗಾರರನ್ನು ಸರದಿಯಂತೆ ಆರಿಸಿಕೊಳ್ಳುವ ಪ್ರಕ್ರಿಯೆ) 41ನೆಯವರಾಗಿ ಆಯ್ಕೆಯಾದ, ನೆಗೆತದಲ್ಲಾಗಲಿ ಓಟದಲ್ಲಾಗಲಿ ಮೆಚ್ಚಿಸುವಂತಿಲ್ಲದ ಆಟಗಾರ. 2023ರಲ್ಲಿ ಡೆನ್ವರ್ ತಂಡವನ್ನು ಪ್ರಶಸ್ತಿಗೆ ಒಯ್ದರು. ಅವರ ಕೈಗೆ ಚೆಂಡು ಬಂದಾಗ ಎದುರಾಳಿ ತಂಡದ ಐವರೂ ಒಳಕ್ಕೆ ನೋಡುತ್ತಾರೆ, ಆಗ ಹೊರಗಿದ್ದವನು ಒಂಟಿಯಾಗುತ್ತಾನೆ, ಪಾಸ್ ಅಲ್ಲಿಗೆ ಹೋಗುತ್ತದೆ. ದೂರದ ಶಾಟ್‌ಗೆ ಬೇಕಾದ ಬಿಡುವನ್ನು ಒಳಗಿರುವವನೇ ಮಾಡಿಕೊಡುತ್ತಾನೆ. ಆದ್ದರಿಂದ ಇಬ್ಬರು ಬಂದು ಮುತ್ತಿದಾಗ ಗಾಬರಿಯಾಗದೆ, ಒಂದು ಡ್ರಿಬಲ್‌ನಲ್ಲಿ ಹೊರಕ್ಕೆ ಸರಿದು, ಎರಡನೆಯವನು ಎಲ್ಲಿಂದ ಬಂದನೋ ಆ ಜಾಗವನ್ನು ನೋಡುವುದನ್ನು ಮಕ್ಕಳಿಗೆ ಕಲಿಸಿ. ಬಿಡುವಿರುವ ಸಂಗಡಿಗ ಅಲ್ಲೇ ಹತ್ತಿರದಲ್ಲಿರುತ್ತಾನೆ.

ರೀಬೌಂಡ್ ಬಗ್ಗೆ ಎತ್ತರದ ಮಾತನ್ನು ಮತ್ತೊಮ್ಮೆ ಬದಿಗಿಡಬೇಕಾಗುತ್ತದೆ. ಎನ್‌ಬಿಎಯಲ್ಲಿ ಆಡಿದ ಡೆನಿಸ್ ರಾಡ್‌ಮನ್ 201 ಸೆಂಟಿಮೀಟರ್ ಎತ್ತರದವರು, ಆ ಲೀಗ್‌ನಲ್ಲಿ ಅದು ದೊಡ್ಡ ಎತ್ತರವೇ ಅಲ್ಲ. ಆದರೂ 1992ರಿಂದ 1998ರವರೆಗೆ ಸತತ ಏಳು ವರ್ಷ ರೀಬೌಂಡ್‌ನಲ್ಲಿ ಅವರೇ ಮೊದಲಿಗರು. ಸಂಗಡಿಗರ ಶಾಟ್ ಯಾವ ರೀತಿ ತಿರುಗುತ್ತದೆ, ತಪ್ಪಿದರೆ ಎಲ್ಲಿ ಬೀಳುತ್ತದೆ ಎಂಬುದನ್ನು ಅವರು ಅಭ್ಯಾಸದಲ್ಲಿ ನಿಂತು ಗಮನಿಸುತ್ತಿದ್ದರು. ಮೂಲೆಯಿಂದ ಹೊಡೆದ ಶಾಟ್ ತಪ್ಪಿದರೆ ಹೆಚ್ಚಾಗಿ ಎದುರು ಬದಿಗೆ ಹೋಗುತ್ತದೆ ಎಂಬುದು ನಿಮಗೂ ಅನುಭವಕ್ಕೆ ಬಂದಿರಬೇಕು. ಶಾಟ್ ಹೊರಟ ಕ್ಷಣ ನಮ್ಮ ಮಕ್ಕಳೆಲ್ಲ ತಲೆಯೆತ್ತಿ ಚೆಂಡನ್ನು ನೋಡುತ್ತಾರೆ. ಅದರ ಬದಲು ಮೊದಲು ಎದುರಾಳಿಯನ್ನು ಹುಡುಕಿ, ತಿರುಗಿ, ಬೆನ್ನು ಕೊಟ್ಟು ಬಾಕ್ಸ್ ಔಟ್ ಮಾಡಿ, ಆಮೇಲೆ ಚೆಂಡಿಗೆ ಹೋಗಬೇಕು. ಮೊದಲು ಹೇಳಿದ ನಿಲುವೇ ಇಲ್ಲಿಯೂ ಬೇಕು.

ರಕ್ಷಣೆಯಲ್ಲಿ ಹೇಳಬೇಕಾದದ್ದು ಹೆಚ್ಚಿಲ್ಲ, ಏಕೆಂದರೆ ಅದು ಇದುವರೆಗಿನ ಮಾತಿನ ತಿರುಗುಮುರುಗು. ಎದುರಾಳಿ ಬ್ಲಾಕ್ ತಲುಪುವ ಮೊದಲೇ ಅವನ ಓಟದ ದಾರಿಯಲ್ಲಿ ನಿಂತು ಒಂದು ಹೆಜ್ಜೆ ಹೊರಗೆ ಹಿಡಿಯುವಂತೆ ಮಾಡಿ. ಚೆಂಡು ಹೋದಲ್ಲೆಲ್ಲ ನಿಮ್ಮ ಪಾದ ಬದಲಾಗಲಿ. ಕೊನೆಗೂ ಅವನು ಶಾಟ್‌ಗೆ ಎದ್ದರೆ ಕೈಗಳನ್ನು ನೇರವಾಗಿ ಮೇಲೆತ್ತಿ ನಿಮ್ಮ ಜಾಗದಲ್ಲೇ ನೆಗೆಯಿರಿ. ಚೆಂಡಿಗೆ ಕೈ ಬೀಸುವ ಚಾಳಿಯೇ ಎತ್ತರದ ಮಕ್ಕಳನ್ನು ಐದು ಫೌಲ್ ಮಾಡಿಸಿ ಬೆಂಚಿಗೆ ಕಳಿಸುವುದು.

ಕೊನೆಯದಾಗಿ ನಮ್ಮ ಕರಾವಳಿಯ ಕಷ್ಟದ ವಿಷಯ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತೆರೆದ ಅಂಗಣದಲ್ಲಿ ಆಡುವಂತಿಲ್ಲ. ಮಳೆ ಬಿಡುವು ಕೊಟ್ಟ ದಿನವೂ ಸಿಮೆಂಟ್ ಮೇಲೆ ಪಾಚಿ ಕಟ್ಟಿರುತ್ತದೆ. ಬೇಸಿಗೆಯಲ್ಲಿ ಗಾಳಿಗೆ ಬಂದು ಕೂತ ಮರಳನ್ನು ಗುಡಿಸದೆ ಅಭ್ಯಾಸ ಶುರುಮಾಡುತ್ತೇವೆ. ಪಿವಟ್ ಮಾಡುವ ಆಟಗಾರನ ಕಾಲು ಜಾರಿದರೆ ಪೆಟ್ಟು ಬೀಳುವುದು ಮೊಣಕಾಲಿಗೆ, ಅದರಲ್ಲೂ ಹುಡುಗಿಯರಲ್ಲಿ ಮೊಣಕಾಲಿನ ಒಳಗಿನ ಎಸಿಎಲ್ ಎಂಬ ಕಟ್ಟು ಹರಿಯುವ ಅಪಾಯ ಹುಡುಗರಿಗಿಂತ ಹಲವು ಪಟ್ಟು ಹೆಚ್ಚು. ಆದ್ದರಿಂದ ಒದ್ದೆ ಅಂಗಣದಲ್ಲಿ ಪೋಸ್ಟ್ ಅಭ್ಯಾಸ ಬೇಡವೇ ಬೇಡ. ನೆಗೆದು ಇಳಿಯುವಾಗ ಎರಡೂ ಮೊಣಕಾಲುಗಳು ಒಳಕ್ಕೆ ಕೂಡದೆ ಪಾದಗಳ ನೇರಕ್ಕೇ ಇರುವಂತೆ ಮೊದಲ ದಿನದಿಂದಲೇ ರೂಢಿ ಮಾಡಿಸಿ.

ಆ ನಾಲ್ಕು ತಿಂಗಳು ವ್ಯರ್ಥವಾಗಬೇಕಾಗಿಲ್ಲ. ನಾನು ಇದುವರೆಗೆ ಹೇಳಿದ್ದರಲ್ಲಿ ಎಷ್ಟಕ್ಕೆ ರಿಂಗ್ ಬೇಕು ಎಂದು ನೋಡಿ. ನಿಲುವು, ಸೀಲ್, ಎರಡು ಕಾಲಿನ ಇಳಿತ, ಪಿವಟ್, ಡ್ರಾಪ್ ಸ್ಟೆಪ್, ಬಾಕ್ಸ್ ಔಟ್, ಇವು ಯಾವುದಕ್ಕೂ ರಿಂಗ್ ಬೇಡ. ಶಾಲೆಯ ಒಣಗಿದ ಜಗಲಿಯಲ್ಲೋ ಸಭಾಂಗಣದಲ್ಲೋ ಸೀಮೆಸುಣ್ಣದಿಂದ ಪೇಂಟ್‌ನ ಒಂದು ಪಕ್ಕದ ಗೆರೆ ಮತ್ತು ಬ್ಲಾಕ್ ಬರೆಯಿರಿ, ರಿಂಗ್ ಇರುವ ಜಾಗಕ್ಕೆ ಒಂದು ಕುರ್ಚಿ ಇಡಿ. ಇಬ್ಬಿಬ್ಬರಾಗಿ ನಿಲ್ಲಿಸಿ, ಒಬ್ಬ ಬೆನ್ನ ಹಿಂದೆ ಯಾವುದಾದರೊಂದು ಬದಿಗೆ ಒತ್ತಲಿ, ಇನ್ನೊಬ್ಬ ನೋಡದೆ ಬೆನ್ನಿನಿಂದಲೇ ತಿಳಿದು ಎದುರು ಬದಿಗೆ ಕಾಲು ಹಾಕಲಿ. ಮೊದಲ ವಾರಗಳಲ್ಲಿ ಚೆಂಡೇ ಬೇಡ. ಕಾಲು ಯೋಚಿಸದೆ ಬೀಳತೊಡಗಿದ ಮೇಲೆ ಚೆಂಡು ಕೊಡಿ, ಆಮೇಲೆ ಪಾಸ್ ಕೊಡುವ ಮೂರನೆಯವನನ್ನು ಸೇರಿಸಿ. ಅಕ್ಟೋಬರ್‌ನಲ್ಲಿ ಅಂಗಣ ಒಣಗಿದಾಗ ಮೈಕನ್ ಡ್ರಿಲ್‌ನಿಂದ ಶುರುಮಾಡಿ, ಹುಡುಗಿಯರಿಗೆ 6ನೆಯ ಅಳತೆಯ ಚೆಂಡನ್ನೇ ಕೊಡಿ, ಮತ್ತು ಎಡಗೈಯಿಂದ ಹಾಕಿದ್ದನ್ನು ಬೇರೆಯಾಗಿ ಎಣಿಸಿ ಬರೆದಿಡಿ.